ಬಾಗಿಲಲ್ಲಿ ಮಡಕೆ, ಅಂಗಳದಲ್ಲಿ ನಲ್ಲಿ

ಪ್ರಶ್ನೆ: ನನಗೆ 34 ವರ್ಷ, ಬಳ್ಳಾರಿಯವಳು. ಜೀನ್ಸ್ ಹೊಲಿಯುವ ಕೆಲಸ, ಪೀಸ್ ಲೆಕ್ಕದ ಕೂಲಿ. ಇಬ್ಬರು ಮಕ್ಕಳು. ಒಂದು ಉಜ್ಜೀವನ ಕೂಟದಲ್ಲಿ ‘ಕ್ರಿಸ್ತನಿಗಾಗಿ ಲೋಕವನ್ನೇ ಬದಲಿಸಿ’ ಎಂದರು. ಅಂದಿನಿಂದ ನಿದ್ದೆ ಇಲ್ಲ. ನಾನು ಮಾಡುವುದೇನು? ಬೆಳಿಗ್ಗೆ ಪ್ರಾರ್ಥನೆ, ಬೇಸಿಗೆಯಲ್ಲಿ ದಾರಿಹೋಕರಿಗೆ ಬಾಗಿಲಲ್ಲಿ ಒಂದು ಮಡಕೆ ನೀರು. ಇದರಿಂದ ಏನಾಗುತ್ತೆ ಅಂತ ಗಂಡನೂ ಕೇಳುತ್ತಾರೆ. ಕೆಲಸ ಬಿಟ್ಟು ಪೂರ್ಣಕಾಲಿಕ ಸೇವೆಗೆ ಹೋಗಲೇ? ಮನೆಯಲ್ಲೂ ನೆಮ್ಮದಿ ಇಲ್ಲ. ನಲ್ಲಿ ನೀರಿನ ಸರದಿಗೆ ಜಗಳವಾಗಿ ಆರು ತಿಂಗಳಿಂದ ನೆಗೆಣ್ಣಿ ಜೊತೆ ಮಾತಿಲ್ಲ. ಅಕ್ಕಪಕ್ಕದಲ್ಲೇ ಇದ್ದೇವೆ, ಮಕ್ಕಳೂ ಸೇರಿ ಆಡುತ್ತಿಲ್ಲ.

ಉತ್ತರ: ತಂಗಿ, ಕೆಲಸ ಈಗಲೇ ಬಿಡಬೇಡಿ. ಮಕ್ಕಳ ಊಟ ಆ ಕೂಲಿಯಲ್ಲಿದೆ.

ಮಡಕೆಯನ್ನಂತೂ ತೆಗೆಯಲೇಬೇಡಿ. ಒಂದು ಬಟ್ಟಲು ತಣ್ಣೀರು ಕೊಟ್ಟವರಿಗೂ ಪ್ರತಿಫಲ ತಪ್ಪದು ಎಂದು ಯೇಸು ಹೇಳಿದ್ದು ಮತ್ತಾಯನ ಸುವಾರ್ತೆಯ 10ನೇ ಅಧ್ಯಾಯದಲ್ಲಿದೆ. ಬಳ್ಳಾರಿಯ ಮೇ ತಿಂಗಳ ಬಿಸಿಲಲ್ಲಿ ನಡೆದು ಬಂದವರಿಗೆ ಆ ಮಾತು ಬಿಡಿಸಿ ಹೇಳಬೇಕಿಲ್ಲ. ನೀವು ಓದುವ ಸತ್ಯವೇದವನ್ನೇ, ಅಂದರೆ ಕನ್ನಡ ಬೈಬಲನ್ನೇ ನೋಡಿ. ಜಾನ್ ಹ್ಯಾಂಡ್ಸ್ ಎಂಬ ಮಿಷನರಿ ನಿಮ್ಮ ಊರಿಗೆ ಬಂದದ್ದು 1810ರಲ್ಲಿ. ಕನ್ನಡದಲ್ಲಿ ಇಡೀ ಬೈಬಲ್ ಅಚ್ಚಾಗಿ ಹೊರಬಂದದ್ದು 1831ರಲ್ಲಿ. ಆ ನಡುವೆ ವರ್ಷಗಟ್ಟಲೆ ಕೂತು, ಒಂದೊಂದು ಮಾತಿಗೂ ಸರಿಯಾದ ಕನ್ನಡ ಹುಡುಕುವ ಅನುವಾದದ ಕೆಲಸ. ಕೂಟದಲ್ಲಿ ಹೇಳಿದರೆ ಯಾರೂ ಚಪ್ಪಾಳೆ ತಟ್ಟುವಂಥದ್ದಲ್ಲ.

ಆದರೆ ನನ್ನ ಕಣ್ಣು ನಿಂತದ್ದು ನಿಮ್ಮ ಪತ್ರದ ಕೊನೆಯಲ್ಲಿ. ಗುರುತಿಲ್ಲದವರಿಗೆ ನೀರಿಡುವ ನೀವು, ಅದೇ ನೀರಿಗಾಗಿ ನೆಗೆಣ್ಣಿಯನ್ನು ಕಳೆದುಕೊಂಡಿದ್ದೀರಿ. ನಿಮ್ಮನ್ನು ಬೈಯಲೆಂದು ಇದನ್ನು ಹೇಳುತ್ತಿಲ್ಲ. ವಾರಗಟ್ಟಲೆ ಕಾದು ನೀರು ಹಿಡಿಯುವ ಊರಲ್ಲಿ ಜಗಳ ಹುಟ್ಟುವುದೇ ನಲ್ಲಿ ಹತ್ತಿರ. ಆದರೂ ಆ ಸಂಕಟ ನಿಮಗೆ ಗೊತ್ತಿದೆ, ಅದಕ್ಕೇ ಬರೆದಿದ್ದೀರಿ ಅಲ್ವಾ?

ನಿಮ್ಮ ಸಭೆಯಲ್ಲಿ ಸಂತರ ಮಾತು ಕಡಿಮೆ ಇರಬಹುದು, ಆದರೂ ಕೇಳಿ. ಫ್ರಾನ್ಸಿನ ಲಿಸಿಯು ಎಂಬ ಊರಲ್ಲಿ ತೆರೇಸಾ ಎಂಬ ಹುಡುಗಿ 15ನೇ ವಯಸ್ಸಿಗೆ ಕ್ರೈಸ್ತ ಸನ್ಯಾಸಿನಿಯರ ಮಠ ಸೇರಿದಳು. 1897ರಲ್ಲಿ, 24ನೇ ವಯಸ್ಸಿಗೆ ತೀರಿಕೊಂಡಳು. ಯಾವ ದೇಶಕ್ಕೂ ಸುವಾರ್ತೆ ಹೊತ್ತು ಹೋಗಲಿಲ್ಲ. ಮಠದಲ್ಲಿ ಜೊತೆಗಿದ್ದ ಒಬ್ಬ ಸನ್ಯಾಸಿನಿಯನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಅದಕ್ಕೇ ಬೇಕೆಂದೇ ಅವರಿಗಾಗಿ ಪ್ರಾರ್ಥಿಸಿದಳು, ಸಣ್ಣಪುಟ್ಟ ಕೆಲಸ ಮಾಡಿಕೊಟ್ಟಳು, ಎದುರಾದಾಗೆಲ್ಲ ನಕ್ಕಳು. ನನ್ನಲ್ಲಿ ನಿನಗೆ ಅಷ್ಟೇನು ಇಷ್ಟ ಎಂದು ಕೊನೆಗೆ ಆಕೆಯೇ ಕೇಳಿದರಂತೆ. ಹೊರಗೇ ಹೋಗದ ಈ ತೆರೇಸಾಳನ್ನು ಪೋಪ್ 1927ರಲ್ಲಿ ಮಿಷನರಿಗಳ ಪಾಲಕಿ ಎಂದು ಸಾರಿದರು. ಇದನ್ನು ನೆನೆದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ.

ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನ ಜೊತೆ ರಾಜಿಯಾಗು ಎಂದೂ ಯೇಸು ಹೇಳಿದ್ದಾನೆ. ನಿಮ್ಮ ಪೂರ್ಣಕಾಲಿಕ ಸೇವೆಯೂ ಒಂದು ಕಾಣಿಕೆಯೇ. ಸದ್ಯಕ್ಕೆ ಅದು ಅಲ್ಲೇ ಇರಲಿ. ಆ ಮಕ್ಕಳಿಗೆ ಲೋಕ ಎಂದರೆ ಆ ಅಂಗಳ. ಅವರು ಮತ್ತೆ ಸೇರಿ ಆಡಿದ ದಿನ ಅವರ ಲೋಕ ಬದಲಾಗಿರುತ್ತದೆ.

ವಚನ ಹೇಳಲು ಹೋಗಬೇಡಿ. ತಪ್ಪು ಯಾರದು ಎಂಬ ಲೆಕ್ಕವೂ ಬೇಡ. ಮುಂದಿನ ಸಲ ನೀರು ಬಂದಾಗ ನಿಮ್ಮ ಕೊಡ ಪಕ್ಕಕ್ಕಿಟ್ಟು ಅವರದನ್ನು ಮೊದಲು ನಲ್ಲಿ ಕೆಳಗಿಡಿ. ಅವರು ಮುಖ ತಿರುಗಿಸಿದರೂ ತುಂಬುವ ತನಕ ಅಲ್ಲೇ ನಿಂತಿರಿ.