ಮೈಸೂರು ಎಂಬ ಹಡಗು, ನಂದಾ ಎಂಬ ಕಪ್ತಾನ

ಸಂಪಾದಕರ ಉತ್ತರ

ಕುಮಟಾ ತಾಲ್ಲೂಕಿನ ಓದುಗರೊಬ್ಬರು ಬರೆದ ಪತ್ರದ ಸಾರ ಇದು: 'ಡಿಸೆಂಬರ್ ಸಂಚಿಕೆಯ ನೌಕಾಪಡೆ ದಿನದ ಟಿಪ್ಪಣಿಯಲ್ಲಿ, 1971ರ ಪಾಕಿಸ್ತಾನ ಯುದ್ಧದಲ್ಲಿ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ನಂದಾ ಅವರನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ನನ್ನ ತಂದೆ ಐಎನ್‌ಎಸ್ ಮೈಸೂರು ಹಡಗಿನ ಬಾಯ್ಲರ್ ಕೋಣೆಯಲ್ಲಿ ದುಡಿದವರು. ನಂದಾ ಅವರ ಹೆಸರು ಹೇಳುವಾಗ ಮುಪ್ಪಿನಲ್ಲೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಆ ಹಡಗಿಗೂ ಅವರಿಗೂ ಇದ್ದ ನಂಟು ನಿಮಗೆ ತಿಳಿಯದೇ? ಕಾರವಾರದಲ್ಲಿರುವ ಚಾಪೆಲ್ ನೌಕೆ ಆ ಯುದ್ಧದ ಕರಾಚಿ ದಾಳಿಯಲ್ಲಿತ್ತು ಎಂದೂ ಬರೆದಿದ್ದೀರಿ. ಅದು ಸರಿಯೇ?'

ಮಾನ್ಯರೇ,

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅಲ್ಲಿ ತಪ್ಪು ನಮ್ಮದು. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಮಕ್ಕಳು ಹತ್ತಿ ಇಳಿಯುವ ಚಾಪೆಲ್ ಎಂಬ ಕ್ಷಿಪಣಿ ದೋಣಿ ನಮ್ಮ ಪಡೆಗೆ ಸೇರಿದ್ದೇ 1976ರಲ್ಲಿ. 1971ರಲ್ಲಿ ನಮ್ಮ ಬಳಿ ಇದ್ದ ಕ್ಷಿಪಣಿ ದೋಣಿಗಳು ಎಂಟೇ ಎಂಟು: ವೀರ್, ವಿದ್ಯುತ್, ವಿಜೇತ, ವಿನಾಶ್, ನಿಪತ್, ನಿರ್ಘಾತ್, ನಾಶಕ್, ನಿರ್ಭೀಕ್. ಚಾಪೆಲ್ ಇವುಗಳ ನಂತರ ಬಂದ ತಂಗಿ. ಹತ್ತಾರು ಜನರ ಬಾಯಲ್ಲಿ ಕೇಳಿದ ಮಾತನ್ನು ಪರಿಶೀಲಿಸದೆ ಅಚ್ಚು ಹಾಕಿದೆವು. ಕ್ಷಮೆ ಕೇಳುತ್ತೇನೆ.

ಇನ್ನು ಮೊದಲನೆಯ ಪ್ರಶ್ನೆ. ನೀವು ಕಳಿಸಿದ ಫೋಟೋ ನನ್ನ ಮೇಜಿನ ಮೇಲಿದೆ. ಅಂಚು ಸವೆದ ಕಪ್ಪು ಬಿಳುಪು ಚಿತ್ರ. ಬಿಳಿ ಸಮವಸ್ತ್ರದಲ್ಲಿ ನಿಂತ ಎಳೆಯ ಹುಡುಗ, ಬಲ ಮುಂಗೈಯ ಮೇಲೆ ಸುಟ್ಟ ಕಲೆ. ಟೋಪಿಯ ಪಟ್ಟಿಯ ಅಕ್ಷರಗಳು ಮಸುಕಾಗಿವೆ. ಆದರೆ ಅವರ ಹಿಂದಿನ ಗೋಡೆಯ ಲಾಂಛನಕ್ಕೆ ಭೂತಗನ್ನಡಿ ಹಿಡಿದರೆ ಗಂಡಭೇರುಂಡದ ಎರಡು ಕೊರಳುಗಳು ಸ್ಪಷ್ಟವಾಗಿ ಕಾಣುತ್ತವೆ. ನಮ್ಮ ನಾಡಿನ ಗಂಡಭೇರುಂಡ ಕಡಲಿಗೆ ಇಳಿದ ಆ ಹಡಗಿನ ಮೊದಲ ಕಪ್ತಾನ ಸರ್ದಾರಿಲಾಲ್ ಮಥ್ರಾದಾಸ್ ನಂದಾ. ಇದು ನನಗೆ ತಿಳಿದಿತ್ತು. ಆದರೂ ಬರೆಯಲಿಲ್ಲ. ಸ್ಥಳದ ಅಭಾವ ಎಂದು ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ನಿಮ್ಮ ಪತ್ರ ಓದಿದ ಮೇಲೆ ಆ ಸಮಾಧಾನ ನಿಲ್ಲಲಿಲ್ಲ.

ಆ ಹಡಗು ಹುಟ್ಟಿದ್ದು ಬ್ರಿಟನ್ನಿನಲ್ಲಿ, ನೈಜೀರಿಯಾ ಎಂಬ ಹೆಸರಿನಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಉತ್ತರ ಧ್ರುವದ ಹಿಮಗಡಲಿನಲ್ಲಿ ಓಡಾಡಿ, 1942ರಲ್ಲಿ ಮೆಡಿಟರೇನಿಯನ್ನಿನಲ್ಲಿ ಟಾರ್ಪಿಡೊ ಏಟು ತಿಂದು ಬದುಕಿದ ಕ್ರೂಸರ್ ಅದು. ದುರಸ್ತಿಯಾಗಿ 1957ರ ಆಗಸ್ಟ್ 29ರಂದು ಮೈಸೂರು ಎಂಬ ಹೊಸ ಹೆಸರು ಪಡೆದು ನಮ್ಮದಾಯಿತು. ಆರು ಅಂಗುಲದ ಒಂಬತ್ತು ತೋಪುಗಳು. ಬೇರೆಯವರು ಬಳಸಿ ಬಿಟ್ಟ ಹಡಗನ್ನು ಪಡೆದು, ಅದರ ಕೊಳವೆ ಕವಾಟಗಳನ್ನೆಲ್ಲ ಕಲಿತು, ನೂರಾರು ನಾವಿಕರನ್ನು ಒಂದು ಮನೆಯವರಂತೆ ಕಟ್ಟುವುದು ಸುಲಭದ ಕೆಲಸವಲ್ಲ. ನಿಮ್ಮ ತಂದೆಯವರು ಬೆನ್ನು ನೆಟ್ಟಗೆ ಮಾಡುತ್ತಿದ್ದುದು ಏಕೆಂದು ನನಗೆ ಅರ್ಥವಾಗುತ್ತದೆ.

ನಂದಾ ಬೆಳೆದದ್ದು ಕರಾಚಿ ಬಂದರಿನ ಬಾಯಲ್ಲಿರುವ ಮನೋರಾದಲ್ಲಿ. ಬಂದರಿಗೆ ಬರುವ ಹಡಗುಗಳೆಲ್ಲ ಆ ನಡುಗಡ್ಡೆಯನ್ನು ದಾಟಿಯೇ ಒಳಗೆ ಹೋಗಬೇಕು. ಕಾಲುವೆಯ ತಿರುವು, ದೀಪಸ್ತಂಭ, ಒಳಗಿನ ಕೆಮಾರಿ ಧಕ್ಕೆ ಎಲ್ಲವೂ ಅವರಿಗೆ ಬಾಲ್ಯದ ನೆನಪು. 1941ರಲ್ಲಿ ನೌಕಾಪಡೆಯ ಸ್ವಯಂಸೇವಕ ದಳ ಸೇರಿದರು. ದೇಶ ಒಡೆಯಿತು, ಆ ಬಂದರು ಗಡಿಯಾಚೆ ಉಳಿಯಿತು. ಯಾವುದೋ ನಕಾಶೆ ನೋಡಿ ಕರಾಚಿಯ ಮೇಲೆ ದಾಳಿಗೆ ಕಳುಹಿಸಿದ ಸೇನಾಧಿಕಾರಿಯಲ್ಲ ಇವರು. ತಾವು ಆಡಿ ಬೆಳೆದ ಊರಿನತ್ತ ಹಡಗುಗಳನ್ನು ಕಳುಹಿಸಬೇಕಾಗಿ ಬಂದವರು. ಅದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆಯ ಜೊತೆಗೆ ಒಂದು ಸಂಕಟವೂ ಆಗುತ್ತದೆ.

1965ರ ಯುದ್ಧದಲ್ಲಿ ನೌಕಾಪಡೆಯ ಕೈ ಕಟ್ಟಿಹಾಕಲಾಗಿತ್ತು. ಪೋರಬಂದರಿನಿಂದ ಉತ್ತರಕ್ಕೆ ಹೋಗಕೂಡದೆಂದು ಸರ್ಕಾರದ ಆಜ್ಞೆ. ಪಾಕಿಸ್ತಾನದ ಹಡಗುಗಳು ದ್ವಾರಕೆಯವರೆಗೆ ಬಂದು ಗುಂಡು ಹಾರಿಸಿ ಹೋದವು. ಆ ಅವಮಾನ ನಾವಿಕರ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. 1970ರ ಮಾರ್ಚಿನಲ್ಲಿ ನೌಕಾಪಡೆಯ ಮುಖ್ಯಸ್ಥರಾದ ನಂದಾ ಅದೇ ಕಥೆ ಮರುಕಳಿಸಲು ಬಿಡಲಿಲ್ಲ. 1971ರ ಅಕ್ಟೋಬರಿನಲ್ಲಿ ನೇರವಾಗಿ ಪ್ರಧಾನಿ ಇಂದಿರಾ ಗಾಂಧಿಯವರ ಬಳಿಗೆ ಹೋದರು. ಯುದ್ಧವಾದರೆ ಕರಾಚಿಯ ಮೇಲೆ ದಾಳಿ ಮಾಡಲು ಸರ್ಕಾರಕ್ಕೆ ರಾಜಕೀಯ ಆಕ್ಷೇಪವೇನಾದರೂ ಇದೆಯೇ ಎಂದು ಕೇಳಿದರು. ಯುದ್ಧ ಎಂದ ಮೇಲೆ ಯುದ್ಧವೇ ಅಲ್ಲವೇ ಎಂಬ ಅರ್ಥದ ಉತ್ತರ ಬಂತು. ನನ್ನ ದೃಷ್ಟಿಯಲ್ಲಿ ಅವರ ಸೇವೆಯ ಅತ್ಯಂತ ದೊಡ್ಡ ಗಳಿಗೆ ಇದೇ, ಕರಾಚಿ ಉರಿದ ರಾತ್ರಿಯಲ್ಲ. ಕೇಳಬೇಕಾದ ಪ್ರಶ್ನೆಯನ್ನು ಸಮಯಕ್ಕೆ ಮುಂಚೆ ಕೇಳಿದ್ದರಿಂದಲೇ ಕೆಳಗಿನವರು ಧೈರ್ಯದಿಂದ ಯೋಜನೆ ಹೆಣೆದರು.

ಆ ಎಂಟು ದೋಣಿಗಳ ವಿಷಯವನ್ನೂ ಹೇಳಬೇಕು. ಸೋವಿಯತ್ ಒಕ್ಕೂಟದಲ್ಲಿ ಅವನ್ನು ಕಟ್ಟಿದ್ದು ತಮ್ಮ ತೀರ ಕಾಯಲು, ದೂರ ಹೋಗಿ ಹೊಡೆಯಲು ಅಲ್ಲ. ಅವುಗಳನ್ನು ಹೊತ್ತು ತಂದ ಹಡಗಿನಿಂದ ಕೆಳಗಿಳಿಸುವಷ್ಟು ದೊಡ್ಡ ಕ್ರೇನ್ ಕಲ್ಕತ್ತೆಯಲ್ಲಿತ್ತು, ಮುಂಬೈಯಲ್ಲಿರಲಿಲ್ಲ. ಆದ್ದರಿಂದ ಕಲ್ಕತ್ತೆಯಲ್ಲಿ ನೀರಿಗಿಳಿಸಿ, ಬೇರೆ ಹಡಗುಗಳಿಗೆ ಹಗ್ಗ ಕಟ್ಟಿ, ಇಡೀ ಕರಾವಳಿ ಸುತ್ತಿ ಮುಂಬೈಗೆ ಎಳೆದು ತಂದರು. ಪುಟ್ಟ ದೋಣಿಗಳನ್ನೂ ದೊಡ್ಡ ಹಡಗುಗಳ ಆಸರೆಯಲ್ಲಿ ದೂರ ಒಯ್ಯಬಹುದು ಎಂಬ ಪಾಠ ಆ ಎಳೆದಾಟದಲ್ಲೇ ಸಿಕ್ಕಿತು. ಡಿಸೆಂಬರ್ 4ರ ರಾತ್ರಿ ಕಮಾಂಡರ್ ಬಿ.ಬಿ. ಯಾದವ್ ಅವರ ನೇತೃತ್ವದಲ್ಲಿ ನಿಪತ್, ನಿರ್ಘಾತ್, ವೀರ್ ಹೊರಟವು, ಜೊತೆಗೆ ದೊಡ್ಡ ಹಡಗುಗಳಾದ ಕಿಲ್ತಾನ್ ಮತ್ತು ಕಚ್ಚಾಲ್. ಪಾಕಿಸ್ತಾನದ ಖೈಬರ್ ಮತ್ತು ಮುಹಾಫಿಜ್ ಹಡಗುಗಳು ಮುಳುಗಿದವು. ನಮ್ಮವರು ಒಬ್ಬರೂ ಸಾಯದೆ ಹಿಂದಿರುಗಿದರು. ನಾಲ್ಕು ದಿನಗಳ ಬಳಿಕ ಒರಟು ಕಡಲಿನಲ್ಲಿ ವಿನಾಶ್ ಒಂದೇ ದೋಣಿ, ತ್ರಿಶೂಲ್ ಮತ್ತು ತಲ್ವಾರ್ ಹಡಗುಗಳ ಜೊತೆಗೆ ಹೋಗಿ ನಾಲ್ಕು ಕ್ಷಿಪಣಿ ಹಾರಿಸಿತು. ಕೆಮಾರಿಯ ಎಣ್ಣೆ ಟ್ಯಾಂಕುಗಳು ಹೊತ್ತಿ ಉರಿದವು. ನಿಮ್ಮ ತಂದೆಯವರ ಮೈಸೂರು ಆಗ ಪಶ್ಚಿಮ ನೌಕಾದಳದ ಧ್ವಜನೌಕೆ, ಅಂದರೆ ದಳಪತಿಯ ಹಡಗು.

ಬಾಯ್ಲರ್ ಕೋಣೆಯವರ ಮಗಳಾದ ನಿಮಗೆ ವಿಮಾನವಾಹಕ ನೌಕೆ ವಿಕ್ರಾಂತದ ಕಥೆ ಇಷ್ಟವಾಗಬಹುದು. ಅದರ ನಾಲ್ಕು ಬಾಯ್ಲರುಗಳಲ್ಲಿ ಒಂದು ಬಿರುಕು ಬಿಟ್ಟು ಕೆಲಸಕ್ಕೆ ಬಾರದಾಗಿತ್ತು. ಹಡಗು ವೇಗವಾಗಿ ಓಡದಿದ್ದರೆ ವಿಮಾನ ಏರಿಸಲು ಬೇಕಾದ ಎದುರುಗಾಳಿ ಸಿಗುವುದಿಲ್ಲ. ಬಂದರಿನಲ್ಲೇ ನಿಲ್ಲಿಸಿದ್ದರೆ ಯಾರೂ ನಂದಾ ಅವರನ್ನು ದೂರುತ್ತಿರಲಿಲ್ಲ. ಅವರು ಅದನ್ನು ಬಂಗಾಳ ಕೊಲ್ಲಿಗೆ ಕಳುಹಿಸಿದರು. ಅದರ ವಿಮಾನಗಳು ಕಾಕ್ಸ್ ಬಜಾರ್ ಮತ್ತು ಚಿತ್ತಗಾಂಗ್‌ಗಳ ಮೇಲೆ ಎರಗಿದವು. ಕೆಳಗೆ ಬೆಂಕಿಯ ಮುಂದೆ ಬೆವರಿಳಿಸುತ್ತ, ಉಳಿದ ಮೂರು ಬಾಯ್ಲರುಗಳ ಒತ್ತಡದ ಮುಳ್ಳನ್ನು ಗಳಿಗೆ ಗಳಿಗೆಗೂ ನೋಡುತ್ತಿದ್ದವರನ್ನು ನೆನೆಯಿರಿ. ಅಡ್ಮಿರಲ್ಲರ ನಿರ್ಧಾರ ನಿಂತದ್ದು ಅಂಥವರ ಕೈಗಳ ಮೇಲೆ. ನಿಮ್ಮ ತಂದೆಯವರ ಮುಂಗೈಯ ಕಲೆ ನೋಡಿದಾಗ ನನಗೆ ಹೊಳೆದದ್ದು ಇದೇ.

ನಂದಾ ಅವರ ಬಗ್ಗೆ ಬರೆಯುವಾಗ ಡಿಸೆಂಬರ್ 9ನ್ನು ಬಿಡಲು ನನಗೆ ಮನಸ್ಸಿಲ್ಲ. ಆ ರಾತ್ರಿ ದೀವ್ ಬಳಿಯ ಕಡಲಿನಲ್ಲಿ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿ ನಮ್ಮ ಖುಕ್ರಿ ಯುದ್ಧನೌಕೆಗೆ ಟಾರ್ಪಿಡೊ ಹೊಡೆಯಿತು. ಕೆಲವೇ ನಿಮಿಷಗಳಲ್ಲಿ ಹಡಗು ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಮಡಿದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ತಮ್ಮ ಜೀವರಕ್ಷಕ ಕವಚವನ್ನು ಮತ್ತೊಬ್ಬರಿಗೆ ಕೊಟ್ಟು ಹಡಗಿನೊಂದಿಗೇ ಕಡಲು ಸೇರಿದರು. ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ವಿಜಯದ ಕೀರ್ತಿ ಮುಖ್ಯಸ್ಥರಿಗೆ ಸೇರುವುದಾದರೆ ಆ 194 ಮನೆಗಳ ದುಃಖದ ಭಾರವೂ ಅವರ ಹೆಗಲಿಗೇ ಸೇರುತ್ತದೆ.

ನೀವು ಕುಮಟಾದವರು, ಆದ್ದರಿಂದ ಇನ್ನೊಂದು ಮಾತು. 1961ರ ಡಿಸೆಂಬರ್ 18ರಂದು, ನಂದಾ ಬೇರೆ ಹೊಣೆಗೆ ಹೋದ ಮೇಲೆ, ಮೈಸೂರು ಹಡಗು ತ್ರಿಶೂಲ್ ಜೊತೆ ಬಂದು ನಿಂತದ್ದು ಕಾರವಾರದ ಎದುರಿನ ಅಂಜದೀವದ ಮುಂದೆ. ಪೋರ್ಚುಗೀಸರ ಕೈಯಲ್ಲಿದ್ದ ಆ ದ್ವೀಪಕ್ಕಾಗಿ ನಡೆದ ಕಾಳಗದಲ್ಲಿ ನಮ್ಮ ಏಳು ಮಂದಿ ನಾವಿಕರು ಪ್ರಾಣ ಕೊಟ್ಟರು. ಅಂದು ನಿಮ್ಮ ತಂದೆಯವರು ಹಡಗಿನಲ್ಲಿದ್ದರೇ? ಇದ್ದರೆ ತಮ್ಮ ಜಿಲ್ಲೆಯ ಗುಡ್ಡಗಳನ್ನು ಸಮುದ್ರದ ಕಡೆಯಿಂದ ಕಂಡಿರಬೇಕು. ಇಂದು ಅಂಜದೀವ ಕದಂಬ ನೌಕಾನೆಲೆಯ ಒಳಗಿದೆ. ಆ ನೆಲೆಗಾಗಿ ಕಾರವಾರ, ಅಂಕೋಲೆಯ ಎಷ್ಟೋ ಕುಟುಂಬಗಳು ಮನೆ ಗದ್ದೆ ಬಿಟ್ಟು ಎದ್ದವು. ಅವರ ಬಗ್ಗೆಯೂ ಬರೆಯುವ ಸಾಲ ನಮ್ಮ ಮೇಲಿದೆ.

ಹಳೆಯ ಮೈಸೂರು 1985ರಲ್ಲಿ ನಿವೃತ್ತವಾಯಿತು. ಅದೇ ಹೆಸರಿನ ಹೊಸ ಯುದ್ಧನೌಕೆ 1999ರಲ್ಲಿ ಸೇವೆಗೆ ಸೇರಿತು. ನಂದಾ 2009ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ತೀರಿಕೊಂಡರು.

ಫೋಟೋವನ್ನು ನಕಲು ಮಾಡಿಸಿಕೊಂಡು ಮೂಲ ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಹಿಂದಿರುಗಿಸುತ್ತಿದ್ದೇನೆ, ಎರಡು ರಟ್ಟುಗಳ ನಡುವೆ ಇಟ್ಟು. ನೀವು ಒಪ್ಪಿದರೆ ಮುಂದಿನ ಸಂಚಿಕೆಯಲ್ಲಿ ಚಾಪೆಲ್ ತಿದ್ದುಪಡಿಯ ಪಕ್ಕದಲ್ಲೇ ಅದನ್ನು ಪ್ರಕಟಿಸುತ್ತೇವೆ. ಅಡಿಯಲ್ಲಿ ತಂದೆಯವರ ಹೆಸರು, ಊರು, ಅವರು ಮೈಸೂರಿನಲ್ಲಿ ಸೇವೆ ಸಲ್ಲಿಸಿದ ವರ್ಷಗಳು ಇರಬೇಕು. ದಯವಿಟ್ಟು ಬರೆದು ಕಳಿಸಿ. ಆ ಸುಟ್ಟ ಕಲೆ ಹೇಗಾಯಿತೆಂದು ಅವರು ಎಂದಾದರೂ ಹೇಳಿದ್ದರೆ ಅದನ್ನೂ ಬರೆಯಿರಿ.