"ಅಲ್ಲಿಗೆ ಹೋದ್ರೆ ಆ ಪೇಪರ್ ಇರಲ್ಲ ಅಲ್ವಾ ಮೇಡಂ?"

ನಾನು ಆಪ್ತಸಲಹೆಗಾರ್ತಿ. ಪೈಲಟ್ ಆಗಬೇಕು ಅನ್ನುವ ಮಕ್ಕಳು, ಅವರ ಅಪ್ಪ ಅಮ್ಮಂದಿರು ನನ್ನ ಹತ್ತಿರ ಬರುವುದು ಈಗ ಅಪರೂಪವಲ್ಲ. ಬಂದವರೆಲ್ಲ ಕೇಳುವುದು ಒಂದೇ. ಇಲ್ಲೇ ಕಲಿಯಬೇಕಾ, ಹೊರದೇಶಕ್ಕೆ ಹೋಗಬೇಕಾ? ಅದಕ್ಕೆ ನಾನು ಮೊದಲ ದಿನವೇ ಉತ್ತರ ಕೊಡುವುದಿಲ್ಲ. ಕೆಲವರಿಗೆ ಸಿಟ್ಟು ಬರುತ್ತದೆ. ಯಾಕೆ ಕೊಡುವುದಿಲ್ಲ ಅನ್ನುವುದು ಈ ಪ್ರಕರಣದಿಂದ ತಿಳಿದೀತು. ಅಪ್ಪ, ಮಗಳು ಇಬ್ಬರೂ ಬರೆಯಲು ಒಪ್ಪಿದ್ದಾರೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಅಪ್ಪನಿಗೆ ನಿವೃತ್ತಿ ಹತ್ತಿರ. ಮಗಳಿಗೆ 20 ವರ್ಷ, ಪಿಯುಸಿ ಸೈನ್ಸ್ ಮುಗಿಸಿದವಳು. ಕೆಂಗೇರಿ ಕಡೆ ಒಂದು ಸೈಟ್ ಇದೆ, ಅದನ್ನು ಅಡ ಇಟ್ಟು ಸಾಲ ತೆಗೆಯುವುದು ಅಂತ ಮನೆಯಲ್ಲಿ ತೀರ್ಮಾನವಾಗಿತ್ತು. ಪೈಲಟ್ ತರಬೇತಿ ಶಾಲೆ ಯಾವುದು ಅನ್ನುವುದಕ್ಕೇ ಜಗಳ. ಅಪ್ಪ ಮೈಸೂರು ಇಲ್ಲವೇ ಬೆಳಗಾವಿ ಅನ್ನುತ್ತಿದ್ದರು. ಮಗಳು ಹೊರದೇಶ ಬಿಟ್ಟು ಬೇರೆ ಮಾತೇ ಆಡುತ್ತಿರಲಿಲ್ಲ.

ಆ ದಿನ ಅಪ್ಪ ಒಂದು ಪಟ್ಟಿ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದರು. ಯಾವ ದೇಶ, ಯಾವ ಶಾಲೆ, ಹಾರಾಟದ ಗಂಟೆಗೆ ಎಷ್ಟು. ಏಜೆಂಟ್ ಕೊಟ್ಟ ಹೊರದೇಶದ ಲೆಕ್ಕವೇ ಎಲ್ಲಕ್ಕಿಂತ ಕಡಿಮೆ ಇತ್ತು. "ಇದರಲ್ಲಿ ಇನ್‌ಸ್ಟ್ರುಮೆಂಟ್ ರೇಟಿಂಗ್ ಸೇರಿದೆಯಾ?" ಅಂತ ಕೇಳಿದೆ.

"ಅದು ಆಮೇಲೆ ಮಾಡಿಸಿದ್ರೆ ಆಯ್ತಂತೆ."

ಹೀಗೆ ಹೇಳಿಸಿಕೊಂಡು ಬರುವವರು ಬಹಳ ಜನ. ಮೋಡದೊಳಗೆ ಹೊರಗಿನದು ಏನೂ ಕಾಣದಿದ್ದಾಗ, ಬರೀ ಉಪಕರಣ ನೋಡಿ ವಿಮಾನ ಹಾರಿಸಲು ಬೇಕಾದ ಅರ್ಹತೆ ಅದು. ನಮ್ಮ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ ನಿಯಮದಲ್ಲಿ ಅದಕ್ಕೆ 40 ಗಂಟೆಯ ಇನ್‌ಸ್ಟ್ರುಮೆಂಟ್ ಅಭ್ಯಾಸ ಬೇಕು, ಹೆಚ್ಚೆಂದರೆ 20 ಗಂಟೆ ಸಿಮ್ಯುಲೇಟರಿನಲ್ಲಿ ಮಾಡಬಹುದು. ಏರ್‌ಲೈನ್ ಕೆಲಸಕ್ಕೆ ಬರೀ ಕಮರ್ಷಿಯಲ್ ಲೈಸೆನ್ಸ್ ಸಾಲುವುದಿಲ್ಲ. ಈ ರೇಟಿಂಗೂ ಬೇಕು, ಎರಡು ಎಂಜಿನ್ ವಿಮಾನದ ರೇಟಿಂಗೂ ಬೇಕು. ಎರಡು ಎಂಜಿನ್ ವಿಮಾನದ ಗಂಟೆಯ ದರವೇ ಬೇರೆ. ಇವೆರಡನ್ನೂ ಬಿಟ್ಟು ಕೊಟ್ಟ ಲೆಕ್ಕ ಕಡಿಮೆಯಾಗದೆ ಇನ್ನೇನಾಗುತ್ತದೆ?

ಅಪ್ಪ ಪೆನ್ನು ತೆಗೆದು ಪಟ್ಟಿಯಲ್ಲಿ ಗುರುತು ಹಾಕಿಕೊಂಡರು. ಅಷ್ಟರಲ್ಲಿ ಫೋನ್ ಬಂತು, ಎದ್ದು ಹೊರಗೆ ಹೋದರು. ಅಲ್ಲಿಯವರೆಗೆ ಸುಮ್ನೆ ಕೂತಿದ್ದ ಹುಡುಗಿ ಆಗ ಬಾಯಿಬಿಟ್ಟಳು.

"ಮೇಡಂ, ಅಲ್ಲಿಗೆ ಹೋದ್ರೆ ನ್ಯಾವಿಗೇಶನ್ ಪೇಪರ್ ಇರಲ್ಲ ಅಲ್ವಾ? ಅಂದ್ರೆ, ನಮ್ಮ ಡಿಜಿಸಿಎದು?"

ಯಾಕೆ ಕೇಳ್ತಿದ್ದೀಯಾ ಅಂದೆ. ಲೈಸೆನ್ಸಿಗೆ ಬೇಕಾದ ಆ ಪರೀಕ್ಷೆಯನ್ನು ಎರಡು ಸಲ ಬರೆದಿದ್ದಳಂತೆ, ಎರಡು ಸಲವೂ ಫೇಲ್. ಅಪ್ಪನಿಗೆ ರಿಸಲ್ಟ್ ಇನ್ನೂ ಬಂದಿಲ್ಲ ಅಂತ ಹೇಳಿದ್ದಳು. ಇಲ್ಲಿನ ಶಾಲೆಗೆ ಸೇರಿದರೆ ಮತ್ತೆ ಅದೇ ಪೇಪರ್, ಪರೀಕ್ಷೆಗೆ ಪಾಠ ಹೇಳುವ ಅದೇ ಗ್ರೌಂಡ್ ಕ್ಲಾಸಿನ ಹುಡುಗರು. ಹೊರದೇಶದಲ್ಲಾದರೆ ಹೊಸದಾಗಿ ಶುರು ಮಾಡಬಹುದು, ಫೇಲಾದರೂ ನೆಂಟರಿಗೆ ತಿಳಿಯುವುದಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೊರದೇಶದ ಲೈಸೆನ್ಸ್ ತಂದರೂ ಇಲ್ಲಿ ಕೆಲಸ ಬೇಕೆಂದರೆ ಕನ್ವರ್ಷನ್ ಆಗಬೇಕು, ಅಂದರೆ ಅದನ್ನು ಭಾರತದ ಲೈಸೆನ್ಸಾಗಿ ಬದಲಿಸಿಕೊಳ್ಳಬೇಕು. ಅದಕ್ಕೆ ಏರ್ ರೆಗ್ಯುಲೇಶನ್ಸ್ ಅನ್ನುವ ವಿಮಾನಯಾನ ನಿಯಮಗಳ ಪೇಪರ್ ಬರೆಯಬೇಕು, ಜೊತೆಗೆ ಕಾಂಪೋಸಿಟ್ ಅನ್ನುವ ಪೇಪರ್ ಬರೆಯಬೇಕು. ಆ ಕಾಂಪೋಸಿಟ್‌ನಲ್ಲಿ ಇರುವುದೇ ನ್ಯಾವಿಗೇಶನ್ ಮತ್ತು ಹವಾಮಾನ. ಪಾಸಾಗಲು ಅಲ್ಲೂ 70 ಬೇಕು. ಆಮೇಲೆ ಇಲ್ಲಿ ಹಾರಿಸಿಯೂ ತೋರಿಸಬೇಕು. ಇಲ್ಲಿ ಬಿಟ್ಟುಹೋದ ಪೇಪರ್ ವಾಪಸ್ ಬಂದಾಗ ಇಲ್ಲೇ ಕಾಯುತ್ತಿರುತ್ತದೆ. ವ್ಯತ್ಯಾಸ ಇಷ್ಟೇ, ಆಗ ತಲೆ ಮೇಲೆ ಸಾಲವೂ ಇರುತ್ತದೆ.

ಅವಳು ಅತ್ತಳು. ಸ್ವಲ್ಪ ಹೊತ್ತಾದ ಮೇಲೆ, "ನೀವೇ ಅಪ್ಪಂಗೆ ಹೇಳ್ತೀರಾ?" ಅಂದಳು. ಹೇಳೋದು ನಿನ್ನ ಕೆಲಸ, ಪಕ್ಕದಲ್ಲಿ ಬೇಕಾದರೆ ನಾನಿರ್ತೀನಿ ಅಂದೆ. ಅಪ್ಪ ಒಳಗೆ ಬಂದರು. ಹೇಳಿದಳು.

ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು, "ಎಷ್ಟು ಬಂದಿತ್ತು?"

"ಎರಡನೇ ಸಲ 61."

"ಒಂಬತ್ತು ಮಾರ್ಕ್ಸು," ಅಂದರು. ಪಟ್ಟಿ ಮಡಚಿದರು. "ಒಂಬತ್ತು ಮಾರ್ಕ್ಸಿಗೆ ಸೈಟ್ ಅಡ ಇಡೋಕೆ ಹೊರಟಿದ್ವಾ ನಾವು?"

ಮುಂದೆ ನಡೆದ ಮಾತೆಲ್ಲ ಸಲೀಸು. ನಾನು ಕೊಟ್ಟ ಸಲಹೆ ಹೀಗಿತ್ತು. ಶಾಲೆಯ ಮಾತನ್ನು ಸದ್ಯಕ್ಕೆ ಬದಿಗಿಡಿ. ಮೊದಲು ಮೆಡಿಕಲ್ ಮುಗಿಸಿ. ಕಮರ್ಷಿಯಲ್ ಲೈಸೆನ್ಸಿಗೆ ಕ್ಲಾಸ್ 1 ಮೆಡಿಕಲ್ ಬೇಕು. ಅದನ್ನು ಮಾಡುವ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ನಮ್ಮೂರಲ್ಲೇ, ಓಲ್ಡ್ ಏರ್‌ಪೋರ್ಟ್ ರಸ್ತೆಯಲ್ಲೇ ಇದೆ. ಫೀಸೆಲ್ಲ ಕಟ್ಟಿ ಆದ ಮೇಲೆ ಬಣ್ಣ ಗುರುತಿಸುವ ತೊಂದರೆ ಗೊತ್ತಾದರೆ ಆ ಮನೆಯ ಕಥೆ ಏನು, ಯೋಚಿಸಿ. ಎರಡನೆಯದು, ಮನೆಯಲ್ಲೇ ಇದ್ದು ಪೇಪರ್‌ಗಳನ್ನು ಪಾಸು ಮಾಡಿಕೊಳ್ಳಿ. ಗ್ರೌಂಡ್ ಕ್ಲಾಸ್ ಫೀಸು ಹಾರಾಟದ ಫೀಸಿನ ಮುಂದೆ ಏನೂ ಅಲ್ಲ.

ಆಮೇಲೆ ಶಾಲೆ. ಗಂಟೆಗೆ ಎಷ್ಟು ಅನ್ನುವುದಕ್ಕಿಂತ ತಿಂಗಳಿಗೆ ಎಷ್ಟು ಗಂಟೆ ಹಾರಿಸುತ್ತಾರೆ ಅಂತ ಕೇಳಿ. ಲೈಸೆನ್ಸಿಗೆ 200 ಗಂಟೆ ಬೇಕು. ತಿಂಗಳಿಗೆ 20 ಗಂಟೆ ಸಿಕ್ಕರೆ 10 ತಿಂಗಳು, 10 ಸಿಕ್ಕರೆ 20 ತಿಂಗಳು. ಹಾಸ್ಟೆಲ್ ಬಾಡಿಗೆ, ಬಡ್ಡಿ ಎರಡೂ ಆ ಹೆಚ್ಚಿನ ತಿಂಗಳುಗಳ ಮೇಲೇ ಬೆಳೆಯುತ್ತವೆ. ಜಕ್ಕೂರಿನಲ್ಲಿ ಸರ್ಕಾರಿ ಶಾಲೆ ಇದೆ, ಮೈಸೂರಿನಲ್ಲೂ ಒಂದು ಶಾಲೆ ಇದೆ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಹೊಸ ಶಾಲೆಗಳಿಗೆ ಜಾಗ ಕೊಟ್ಟ ಮೊದಲ ಐದು ಊರುಗಳಲ್ಲಿ ಬೆಳಗಾವಿ, ಕಲಬುರಗಿ ಎರಡೂ ಇದ್ದವು. 2025ರಿಂದ ಡಿಜಿಸಿಎ ಶಾಲೆಗಳಿಗೆ ದರ್ಜೆಯನ್ನೂ ಕೊಡುತ್ತಿದೆ. ಅದನ್ನು ನೋಡಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಊರಿನ ಆಫೀಸಿನಲ್ಲಿ ಕೂತು ಕಾಫಿ ಕುಡಿದು ಅಡ್ವಾನ್ಸ್ ಕೊಟ್ಟು ಬರಬೇಡಿ, ರನ್‌ವೇ ಇರುವಲ್ಲಿಗೇ ಹೋಗಿ. ಅದೂ ಮಳೆಗಾಲದಲ್ಲಿ. ಎಷ್ಟು ವಿಮಾನ ಹಾರುತ್ತಿವೆ, ಎಷ್ಟು ರಿಪೇರಿಗೆ ನಿಂತಿವೆ, ಒಂದು ವಿಮಾನಕ್ಕೆ ಎಷ್ಟು ಜನ ಕಾಯುತ್ತಿದ್ದಾರೆ ಅಂತ ಅಲ್ಲಿನ ಹಳೇ ಬ್ಯಾಚಿನ ಹುಡುಗರನ್ನೇ ಕೇಳಿ. ಹೊರದೇಶವಾದರೂ ಇವೇ ಪ್ರಶ್ನೆಗಳು. ಎಲ್ಲಿ ಸೇರಿದರೂ ದುಡ್ಡು ಕಂತಿನಲ್ಲೇ ಕಟ್ಟಿ. ಬಿಟ್ಟುಹೋದರೆ ಎಷ್ಟು ವಾಪಸ್ ಅನ್ನುವುದು ಬರಹದಲ್ಲಿರಲಿ.

ಇದನ್ನು ಕೇಳಿದ ನನ್ನ ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ. ಆಪ್ತಸಲಹೆಗಾರರು ಕೇಳಿಸಿಕೊಳ್ಳಬೇಕು, ದಾರಿ ಹೇಳಬಾರದು ಅನ್ನುವುದು ಅವರ ವಾದ. ನಮ್ಮ ವೃತ್ತಿಯಲ್ಲಿ ಅದು ಒಳ್ಳೆಯ ನಿಯಮವೇ. ಆದರೆ ಆ ಹುಡುಗಿಯ ಭಯ ಒಂದು ತಪ್ಪು ತಿಳಿವಳಿಕೆಯ ಮೇಲೆ ನಿಂತಿತ್ತು. ಅದನ್ನು ಸರಿಮಾಡದೆ "ನಿನಗೇನನ್ನಿಸುತ್ತೆ?" ಅಂತ ಕೇಳುತ್ತಾ ಕೂತಿದ್ದರೆ ಅವಳು ವೀಸಾಕ್ಕೆ ಅರ್ಜಿ ಹಾಕಿರುತ್ತಿದ್ದಳು. ನಿಯಮ ಗೊತ್ತಿದ್ದೂ ಹೇಳದಿರುವುದನ್ನು ನಾನು ಸಂಯಮ ಅನ್ನಲಾರೆ.

ಕನಸಿಗೆ ತಣ್ಣೀರು ಎರಚುತ್ತೀರಿ ಅಂತಲೂ ಕೇಳಿದ್ದೇನೆ. ಆದರೆ 2019ರಲ್ಲಿ ಜೆಟ್ ಏರ್‌ವೇಸ್ ನಿಂತಿತು, 2023ರಲ್ಲಿ ಗೋ ಫಸ್ಟ್ ನಿಂತಿತು. ಅಂಥ ಹೊತ್ತಿನಲ್ಲಿ ಅನುಭವ ಇರುವ ಪೈಲಟ್‌ಗಳೇ ಕೆಲಸ ಹುಡುಕುತ್ತಿರುತ್ತಾರೆ, 200 ಗಂಟೆಯವರ ಸರದಿ ಆಮೇಲೆ. ಕಾಯುವಾಗ ಇನ್‌ಸ್ಟ್ರುಮೆಂಟ್ ರೇಟಿಂಗನ್ನು ವರ್ಷ ವರ್ಷ ನವೀಕರಿಸಿಕೊಳ್ಳಬೇಕು, ಅದಕ್ಕೂ ದುಡ್ಡು ಬೇಕು. ಇದ್ದ ಹಣವನ್ನೆಲ್ಲ ತರಬೇತಿಗೇ ಸುರಿದ ಮನೆಗೆ ಆ ಕಾಯುವ ಶಕ್ತಿ ಇರುವುದಿಲ್ಲ. ಹಾಗಾಗಿ ಕೈಯಲ್ಲಿರುವ ಹಣದಲ್ಲಿ ಒಂದು ಭಾಗ ಕಾಯುವುದಕ್ಕೇ ಎತ್ತಿಡಿ ಅಂತ ಎಲ್ಲರಿಗೂ ಹೇಳುತ್ತೇನೆ, ಇವರಿಗೂ ಹೇಳಿದೆ.

ಹುಡುಗಿ ಮುಂದಿನ ಸಲ ನ್ಯಾವಿಗೇಶನ್ ಪಾಸಾದಳು. ಮೆಡಿಕಲ್ಲೂ ಆಯಿತು. ಸೈಟ್ ಇನ್ನೂ ಅಡಕ್ಕೆ ಹೋಗಿಲ್ಲ. ನನ್ನ ಸಲಹೆಯಿಂದ ಮಗಳಿಗೆ ಒಂದು ವರ್ಷ ತಡವಾಯಿತು ಅನ್ನುವ ಬೇಸರ ಅಪ್ಪನಿಗೆ ಈಗಲೂ ಇದೆ, ಮುಖಕ್ಕೇ ಹೇಳಿದ್ದಾರೆ. ಈಗ ಅವರ ಪಟ್ಟಿಯಲ್ಲಿ ಉಳಿದಿರುವುದು ಎರಡೇ ಶಾಲೆ, ಒಂದು ಕರ್ನಾಟಕದ್ದು, ಇನ್ನೊಂದು ಹೊರದೇಶದ್ದು. ಯಾವುದನ್ನು ಆರಿಸಿದರೂ ನನ್ನ ತಕರಾರಿಲ್ಲ.