ನಲವತ್ತು ರೊಟ್ಟಿ, ಎರಡು ದಿನ ಹಾಸಿಗೆ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಧಾರವಾಡ ಕಡೆಯವರು, 44 ವರ್ಷ. ನಾಲ್ಕು ವರ್ಷದಿಂದ ಹೆಗಲು, ಸೊಂಟ, ಕಾಲು ಎಲ್ಲ ಕಡೆ ನೋವು; ನಿದ್ದೆ ಮಾಡಿ ಎದ್ದರೂ ದಣಿವು. ವೈದ್ಯರು ಫೈಬ್ರೊಮಯಾಲ್ಜಿಯ (ಮೈಯೆಲ್ಲ ನೋವು, ದಣಿವು ತರುವ ದೀರ್ಘಕಾಲದ ಕಾಯಿಲೆ) ಎಂದು ಗುರುತಿಸಿ, ನೋವಿನ ನಡುವೆ ದಿನದ ಕೆಲಸ ಹೊಂದಿಸಿಕೊಳ್ಳುವುದನ್ನು ಹೇಳಿಕೊಡುವ ನನ್ನಲ್ಲಿಗೆ ಕಳಿಸಿದ್ದರು. ಕೂತವರೇ ಅತ್ತರು.

"ರಿಪೋರ್ಟ್ ಎಲ್ಲಾ ಚಲೋ ಅದಾವಂತ್ರಿ ಮೇಡಮ್. ನಮ್ಮತ್ತಿ ಕೇಳ್ತಾರ, ನಿನ್ನೆ ನಲವತ್ತು ರೊಟ್ಟಿ ಬಡದಾಕಿಗೆ ಇವತ್ತೇನಾತು ಅಂತ."

ಅತ್ತೆಯ ಆ ಮಾತಿನಲ್ಲೇ ಎಳೆ ಸಿಕ್ಕಿತು. ಮೈ ಹಗುರಾದ ದಿನ ಈಕೆ ರೊಟ್ಟಿ ಬಡಿದು, ಹಾಸಿಗೆ ಒಗೆದು, ಬಾಕಿಯೆಲ್ಲ ಒಂದೇ ದಿನಕ್ಕೆ ಮುಗಿಸುತ್ತಿದ್ದರು. ಆಮೇಲೆ ಎರಡು ದಿನ ಏಳಲಾಗುತ್ತಿರಲಿಲ್ಲ. ಮಲಗಿದಷ್ಟೂ ಮೈಯ ಕಸುವು ಇಳಿಯುತ್ತದೆ, ಕೆಲಸ ಗುಡ್ಡೆ ಬೀಳುತ್ತದೆ. ಹಗುರ ದಿನ ಬಂದರೆ ಮತ್ತದೇ ಓಟ.

ನೋವು ಸುಳ್ಳಲ್ಲ ಎಂದು ಮೊದಲು ಹೇಳಿದೆ. ಮೂರು ತಿಂಗಳು ದಾಟಿದ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ಈ ಕಾಯಿಲೆಯಲ್ಲಿ ನರವ್ಯೂಹ ಸಣ್ಣ ಶ್ರಮಕ್ಕೂ ಜೋರಾಗಿ ಕೂಗುತ್ತದೆ, ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ.

ಮೊದಲ ವಾರ ಏನನ್ನೂ ಬದಲಿಸಬೇಡಿ, ಬರೆದಿಡಿ ಸಾಕು ಎಂದೆ. ಮಗನ ಹಳೇ ನೋಟ್‌ಬುಕ್ಕಿನಲ್ಲಿ ಬರೆದು ತಂದರು: ಒಲೆ ಮುಂದೆ ಕೂತು ಎಷ್ಟು ನಿಮಿಷಕ್ಕೆ ನೋವು ಏರಿತು? 12, 20, 18, 10, 15, 14, 16. ಸರಾಸರಿ 15. ನೋವು ಏರುವ ಮುಂಚೆಯೇ ಏಳಲೆಂದು ಅದರಲ್ಲಿ ಐದನೇ ಒಂದು ಭಾಗ ಕಳೆದು 12 ನಿಮಿಷಕ್ಕೆ ಅಲಾರಾಂ ಇಟ್ಟೆವು. ಹೊಡೆದೊಡನೆ ಏಳಬೇಕು. ನೋವು ಇಲ್ಲದಿದ್ದರೂ ಏಳಬೇಕು, ಹಗುರ ದಿನವೂ ಏಳಬೇಕು. ಸ್ವಲ್ಪ ಅಡ್ಡಾಗಿ, ಇಲ್ಲವೇ ನಿಂತು ಮಾಡುವ ಬೇರೆ ಕೆಲಸ ಹಿಡಿದು, ಮತ್ತೆ ಬರಬಹುದು.

"ನಾದಿದ ಹಿಟ್ಟು ಪರಾತದಾಗ ಬಿಟ್ಟು ಹೆಂಗ್ ಏಳ್ಲಿ? ಒಣಗಿ ಬಿರಿತೈತ್ರಿ."

ನಿಜವೇ. ಹಾಗಾದರೆ ಆರು ರೊಟ್ಟಿಗಾಗುವಷ್ಟೇ ಜೋಳದ ಹಿಟ್ಟು ನಾದಿ ಅಕ್ಕಾರ, ಎಂದೆ. ಖಡಕ್ ರೊಟ್ಟಿ ವಾರಗಟ್ಟಲೆ ಇರುತ್ತದೆ, ಒಂದೇ ದಿನ ಬಡಿಯುವ ಹಟವೇಕೆ? ಈ ಸಲಹೆ ಅವರಿಗೆ ಹಿಡಿಸಿತು.

ಎರಡನೇ ಭೇಟಿಗೆ ಅತ್ತೆಯನ್ನೂ ಕರೆಸಿದೆ. ಮನೆಯವರಿಗೆ ತಿಳಿಯದೆ ಹೋದರೆ ಸೊಸೆ ನಡುವೆ ಎದ್ದದ್ದು ಸೋಮಾರಿತನವಾಗಿ ಕಾಣುತ್ತದೆ. ನಾನು ಅತ್ಯಂತ ಮುಖ್ಯವೆಂದು ನಂಬುವ ಹೆಜ್ಜೆ ಇದು. ಆ ಹಿರಿಯರು ನೋಟ್‌ಬುಕ್ಕಿನ ಪುಟ ತಿರುವುತ್ತ ಬಹಳ ಹೊತ್ತು ಸುಮ್ಮನಿದ್ದರು.

ಪಂಚಮಿಗೆ ಎಡವಿದರು. ನಡುವೆ ಏಳದೆ ಕೂತಲ್ಲೇ ಮೂರು ನಮೂನೆ ಉಂಡಿ ಕಟ್ಟಿ ಮಲಗಿಬಿಟ್ಟರು. ಅಂಥ ದಿನ ಎಲ್ಲ ಬಿಟ್ಟು ಮಲಗುವುದು ಬೇಡ, ಎರಡು ದಿನ ಅರ್ಧದಷ್ಟು ಮಾಡಿ, ಮೆಲ್ಲಗೆ 12ಕ್ಕೆ ಮರಳಿ ಎಂದೆ. ಜ್ವರ, ತೂಕ ಇಳಿಕೆ, ಕಾಲಿನಲ್ಲಿ ಬಲ ಕುಂದುವುದು, ಮೂತ್ರದ ಹಿಡಿತ ತಪ್ಪುವುದು ಕಂಡರಂತೂ ಕಾಯದೆ ವೈದ್ಯರ ಬಳಿ ಹೋಗಬೇಕು.

ಎರಡು ವಾರ ಸಲೀಸಾಗಿ ನಡೆದರೆ ಒಂದು ನಿಮಿಷ ಹೆಚ್ಚಿಸಿಕೊಳ್ಳಲು ಹೇಳಿದ್ದೆ. ಈಗ 15ಕ್ಕೆ ಬಂದಿದ್ದಾರೆ. ನೋವು ಹೋಗಿಲ್ಲ, ದಿನಗಟ್ಟಲೆ ಮಲಗುವುದು ಕಡಿಮೆಯಾಗಿದೆ. ಹೋದ ವಾರ ಫೋನಿನಲ್ಲಿ ಮಾತಾಡುತ್ತಿದ್ದಾಗ ಹಿಂದಿನಿಂದ ಅತ್ತೆಯ ದನಿ ಕೇಳಿಸಿತು: "ಅಲಾರಾಂ ಹೊಡೀತು, ಏಳವ್ವಾ. ಉಳಿದದ್ದು ನಾ ಬಡೀತೀನಿ."